ಸಿರುಗುಪ್ಪದ ಪಿಚ್ಚರ್ ಡಬ್ಬಿಗಳು

ನಮ್ಮ ಅತ್ತೆಗೆ ತೊಂಬತ್ತು ಹತ್ತಿರ ಬಂತು. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಕುರುಗೋಡಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಒಬ್ಬ ಮರಿಮಗಳು ತುಂಬಿದ ಮನೆಯಲ್ಲಿ ಕಟ್ಟೆಯ ಮೇಲೆ ಕೂತು ಓಣಿಯ ಆಗುಹೋಗುಗಳನ್ನೆಲ್ಲ ವಿಚಾರಿಸಿಕೊಳ್ಳುತ್ತಾಳೆ. ಇಷ್ಟು ಮಾತಾಡುವ ಹೆಂಗಸು ತನ್ನ ಹೆತ್ತ ತಾಯಿಯನ್ನು ಮಾತ್ರ ಅವ್ವ ಎಂದು ಕರೆದದ್ದನ್ನು ನಾನು ಕೇಳಿರಲಿಲ್ಲ. ‘ಆಕಿ’ ಅನ್ನುತ್ತಿದ್ದಳು. ಆಕಿ ಹಾಡ್ತಿದ್ಲಂತ. ಆಕಿ ಸತ್ತಾಗ ನಾ ಸಣ್ಣಾಕಿ, ನೆನಪಿಲ್ಲ.

ಅತ್ತೆ ನನ್ನ ತಂದೆಯ ಅಕ್ಕ. ಇಬ್ಬರ ತಾಯಂದಿರು ಬೇರೆ. ನಮ್ಮ ಅಜ್ಜನ ಮೊದಲ ಹೆಂಡತಿ ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದಳು. ಮಾತಾಡುವ ಸಿನಿಮಾ ಹೊಸದಾಗಿ ಬಂದ ಕಾಲದಲ್ಲಿ ಆ ಕಂಪನಿಯವರು ಪುರಾಣದ ಕಥೆಯೊಂದನ್ನು ಟಾಕಿ ಮಾಡಲು ದೂರದ ಊರಿನ ಸ್ಟುಡಿಯೋಗೆ ಹೋದರು. ಕಾಡು ಸೇರಿದ ರಾಣಿಯ ಪಾತ್ರ ಆಕೆಯದು. ಹೋಗಿ ಬಂದ ಒಂದೆರಡು ವರ್ಷಗಳಲ್ಲಿ ಜ್ವರ ಬಂದು ತೀರಿಕೊಂಡಳು. ಅಜ್ಜ ಮತ್ತೆ ಮದುವೆಯಾದ, ಆಮೇಲೆ ನನ್ನ ತಂದೆ ಹುಟ್ಟಿದ. ಆದರೆ ಮನೆಯಲ್ಲಿ ಒಂದು ಮಾತು ಉಳಿದುಬಿಟ್ಟಿತು: ‘ಮೊಲಿ ಕುಡಿಯೋ ಕೂಸನ್ನ ಬಿಟ್ಟು ಬಣ್ಣ ಹಚ್ಕೊಳ್ಳಾಕ ಹೋದಾಕಿ.’ ಅಜ್ಜನ ತಾಯಿ ಅಂದಳು, ಅವಳ ಸೊಸೆಯಂದಿರು ಅಂದರು, ಕೊನೆಗೆ ನಮ್ಮಂಥ ಚಿಕ್ಕವರಿಗೂ ಅದು ಗೊತ್ತಿತ್ತು. ಒಬ್ಬರು ಹೇಳಿದ್ದನ್ನು ಹತ್ತು ಮಂದಿ ಹೇಳಿ ಗಟ್ಟಿ ಮಾಡುವುದು ನಮ್ಮ ಮನೆತನದ ಹಳೆಯ ಕಸುಬು. ಅತ್ತೆ ಆ ಮಾತಿನ ನಡುವೆಯೇ ಬೆಳೆದಳು.

ನಾನು ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವನು. ನಿವೃತ್ತನಾದ ಮೇಲೆ ಕಳೆದುಹೋದ ಹಳೆಯ ಟಾಕಿಗಳನ್ನು ಹುಡುಕುವವರ ವಾಟ್ಸಾಪ್ ಗುಂಪಿಗೆ ಸೇರಿದೆ. ನನ್ನ ಹೆಂಡತಿ ಅದನ್ನು ‘ಕಳ್ಕೊಂಡವರ ಸಂಘ’ ಅನ್ನುತ್ತಾಳೆ. ಅವಳು ಅನ್ನುವುದೂ ಸುಳ್ಳಲ್ಲ. ಬೆಳಗಾದರೆ ಯಾರೋ ಒಬ್ಬರು ಯಾವುದೋ ಗುಜರಿ ಅಂಗಡಿಯ ಫೋಟೋ ಹಾಕುತ್ತಾರೆ, ಸಂಜೆಯ ಹೊತ್ತಿಗೆ ಎಲ್ಲರೂ ಸೇರಿ ಸಪ್ಪಗಾಗುತ್ತೇವೆ. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಅವುಗಳೊಳಗಿನ ಬೆಳ್ಳಿಗಾಗಿ ಕೊಂಡು ಸುಡುವವರನ್ನು ಕೆಲಸದಲ್ಲಿದ್ದಾಗಲೇ ಕಂಡವನು ನಾನು. ಸಿನಿಮಾ ರೀಲುಗಳ ಗತಿಯೂ ಅದೇ ಆಗಿರುತ್ತದೆ ಅಂತ ಗೊತ್ತು. ಆದರೂ ಗುಂಪು ಬಿಡಲಾಗಲಿಲ್ಲ. ಅತ್ತೆ ಒಮ್ಮೆ ನನ್ನ ಕೈ ಹಿಡಿದು, “ಆಕಿ ಧ್ವನಿ ಒಂದ್ಸಲ ಕೇಳ್ಬೇಕಲೇ. ಬಿಟ್ಟು ಹೋಗೋರ ಧ್ವನಿ ಹೆಂಗಿರತೈತಿ ನೋಡ್ಬೇಕು,” ಅಂದಿದ್ದಳು. ತಮಾಷೆ ಮಾಡಿದಂತೆ ಅಂದಳು. ಆದರೆ ಕೈ ಬಿಡಲಿಲ್ಲ.

ಕಳೆದ ಚಳಿಗಾಲದಲ್ಲಿ ಗುಂಪಿನಲ್ಲಿ ಒಂದು ಫೋಟೋ ಬಂತು. ಸಿರುಗುಪ್ಪದಲ್ಲಿ ಹಿಂದೆ ಟೆಂಟ್ ಸಿನಿಮಾ ನಡೆಸುತ್ತಿದ್ದವರ ಮನೆಯ ಅಟ್ಟ. ಅಲ್ಲಿ ಒಂದರ ಮೇಲೊಂದು ಪೇರಿಸಿದ ದುಂಡನೆಯ ತಗಡಿನ ಡಬ್ಬಿಗಳು. ಮೇಲಿನ ಡಬ್ಬಿಯ ಮೇಲೆ ಬಣ್ಣದಲ್ಲಿ ಬರೆದಿದ್ದ ಹೆಸರು ಅರ್ಧ ಅಳಿಸಿತ್ತು. ಉಳಿದ ಅರ್ಧ ಅತ್ತೆಯ ತಾಯಿ ಹಾಡಿದ ಟಾಕಿಯ ಹೆಸರಿನದು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅತ್ತೆಗೆ ಹೇಳುವುದು ಬೇಡ, ಮೊದಲು ನಾನೊಬ್ಬನೇ ನೋಡಿ ಬರುತ್ತೇನೆ ಅಂದುಕೊಂಡೆ. ನನ್ನ ಹೆಂಡತಿ ಅಷ್ಟರಲ್ಲಿ ಕುರುಗೋಡಿಗೆ ಫೋನ್ ಮಾಡಿ ಮುಗಿಸಿದ್ದಳು.

ಕುರುಗೋಡಿನಲ್ಲಿ ಕಾರು ನಿಲ್ಲಿಸಿದಾಗ ಅತ್ತೆ ಇಳಕಲ್ಲ ಸೀರೆ ಉಟ್ಟು ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದಳು.

“ಅತ್ತಿ, ಅದು ಹಳೇ ರೀಲು. ಕೆಟ್ಟು ಹೋಗಿದ್ರೂ ಹೋಗಿರಬೋದು. ನೀ ಸುಮ್ನ ಆಸಿ ಇಟ್ಕೊಬ್ಯಾಡ.”

“ನಾನೂ ಹಳೇದ ಅದೀನಿ. ಕೆಟ್ಟೀನೇನು? ಬಾಗ್ಲಾ ತಗಿ,” ಅಂದಳು.

ಸಿರುಗುಪ್ಪದ ಕಡೆಗೆ ಹೋಗುತ್ತಾ ದಾರಿಯುದ್ದಕ್ಕೂ ಕಾಲುವೆ, ಭತ್ತದ ಗದ್ದೆ. ಅತ್ತೆ ಕಿಟಕಿಯಾಚೆ ನೋಡುತ್ತಾ ಒಂದೂ ಮಾತಾಡಲಿಲ್ಲ. ಅವಳು ಸುಮ್ಮನಿದ್ದದ್ದಕ್ಕೇ ನನಗೆ ಭಯವಾಯಿತು. ಆ ಪಿಚ್ಚರು ಸಿಕ್ಕರೂ ಕಷ್ಟ, ಸಿಗದಿದ್ದರೂ ಕಷ್ಟ ಅನ್ನಿಸಿತು.

ಆ ಮನೆಯ ಯಜಮಾನ ನನಗಿಂತ ಸ್ವಲ್ಪ ಚಿಕ್ಕವನು, ಅಕ್ಕಿ ವ್ಯಾಪಾರ ಮಾಡುವವನು. “ಬರ್ರಿ ಸರ, ಕುಂದರ್ರಿ,” ಎಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟ. ನಾವು ಹಳೇ ಪಿಚ್ಚರ್ ಹುಡುಕುವವರು, ಜೊತೆಗೆ ನಮ್ಮ ಅತ್ತೆ ಬಂದಿದ್ದಾಳೆ, ಇಷ್ಟೇ ನಾನು ಹೇಳಿದ್ದು. ಆತ ಅಟ್ಟ ಹತ್ತಿ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದ. ಮುಚ್ಚಳ ಬಿಗಿಯಾಗಿತ್ತು. ಚಮಚದ ಹಿಡಿಕೆಯಿಂದ ಮೀಟಿ ಮೊದಲನೆಯದನ್ನು ತೆಗೆದೆ.

ಒಳಗೆ ಹೀರೇಕಾಯಿ ಬೀಜ.

ಎರಡನೆಯದರಲ್ಲಿ ಸೌತೆ ಬೀಜ, ಮೂರನೆಯದರಲ್ಲಿ ಅವರೆ. “ಇಲಿ ಕಡಿಯಂಗಿಲ್ಲ ನೋಡ್ರಿ, ಗಟ್ಟಿ ತಗಡು. ನಮ್ಮ ಮನ್ಯಾಗ ಮೊದ್ಲಿಂದ ಬೀಜ ಇಡೋದು ಇದ್ರಾಗೇ,” ಅಂದ ಯಜಮಾನ. ಅದರಲ್ಲಿ ತಪ್ಪೇನಾದರೂ ಇದೆಯೇ ಎಂಬಂತೆ ನನ್ನ ಮುಖ ನೋಡಿದ.

“ಒಳಗಿನ ರೀಲು?”

“ಅವನ್ನ ದೇಶನೂರಿನ ನಮ್ಮ ಗದ್ದಿಯಾಗ ಕಟ್ಟಿದ್ರಂತರಿ, ನಮ್ಮಪ್ಪ ಇದ್ದಾಗ. ಭತ್ತ ಹಾಲುಗಾಳಾದಾಗ ಗಿಣಿ, ಗುಬ್ಬಿ ಬಂದು ಬೀಳ್ತಾವಲ್ಲ? ಕೋಲಿಂದ ಕೋಲಿಗೆ ಬಿಗಿದ್ರ ಗಾಳಿಗೆ ಝುಂಯ್ ಅಂತ ಸದ್ದು ಮಾಡ್ತಿತ್ತಂತ. ಒಂದ್ ಹಕ್ಕಿ ಬರ್ತಿರಲಿಲ್ಲಂತ.”

ಬೆಳ್ಳಿಗಾಗಿ ಸುಟ್ಟಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಇದಕ್ಕೆ ಯಾರ ಮೇಲೆ ಸಿಟ್ಟಾಗುವುದು? ಆ ರೀಲಿನ ಅಂಚಿನ ಗೆರೆಯಲ್ಲಿ ಅಚ್ಚಾಗಿದ್ದ ಆಕೆಯ ಧ್ವನಿ ಬಿಸಿಲಿಗೆ ಸುಲಿದು ಗದ್ದೆಯ ಕೆಸರಿಗೆ ಬಿದ್ದು ಹೋಗಿತ್ತು. ನಾನು ಅತ್ತೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

ಒಳಗಿನಿಂದ ಒಬ್ಬ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಯಜಮಾನನ ತಾಯಿ, ಟೆಂಟ್ ನಡೆಸುತ್ತಿದ್ದವರ ಒಬ್ಬಳೇ ಮಗಳು, ಮದುವೆಯಾದ ಮೇಲೂ ತವರಿನಲ್ಲೇ ಉಳಿದವರು. ಡಬ್ಬಿಯ ಮೇಲಿನ ಬಣ್ಣವನ್ನು ಬೆರಳಿನಿಂದ ಸವರಿ, “ಇದಾ? ಕೂಸು ಅಳೋ ಪಿಚ್ಚರು,” ಅಂದರು.

ಆ ಟಾಕಿಯ ಹಾಡಿನ ಪುಸ್ತಕವನ್ನು ನಾನು ಓದಿದ್ದೆ. ಆ ಕಥೆಯಲ್ಲಿ ಕೂಸೇ ಇಲ್ಲ, ರಾಣಿಗೆ ಮಕ್ಕಳಿಲ್ಲ. ಹಾಗೆಂದು ಹೇಳಿದೆ.

“ಕಥಿಯಾಗ ಇಲ್ಲರಿ, ಪಿಚ್ಚರಿನಾಗ ಐತಿ,” ಅಂದರು ಅಜ್ಜಿ, ಅತ್ತೆಯ ಪಕ್ಕದಲ್ಲಿ ಕೂರುತ್ತಾ. “ರಾಣಿ ಅಡವ್ಯಾಗ ಕುಂತು ಹಾಡ್ತಾಳ. ನಡು ಹಾಡಿನಾಗ ಎಲ್ಲೋ ಒಂದು ಕೂಸು ಅಳತೈತಿ. ನಮ್ಮ ಟೆಂಟಿನಾಗ ಹೆಣ್ಮಕ್ಕಳ ಕಡಿ ಎಲ್ಲಾರೂ ತಿರುಗಿ ತಮ್ಮ ತಮ್ಮ ಕೂಸನ್ನ ನೋಡ್ಕೊಳ್ಳೋರು. ಒಬ್ಬಾಕಿ ಮೊಲಿಗೆ ಹಚ್ಚೋಳು, ಇನ್ನೊಬ್ಬಾಕಿ ಜೋಳಿಗಿ ತೂಗೋಳು. ದಿನಾ ಹಿಂಗಾ. ನಾನು ಅವರ ನಡುವ ಅಡ್ಡಾಡಿ, ‘ಅಳೋದು ಪಿಚ್ಚರಿನ ಕೂಸು, ನಿಮ್ದಲ್ರೆವ್ವಾ, ಸುಮ್ನಿರ್ರಿ’ ಅಂತ ಹೇಳ್ತಿದ್ದೆ.”

ಅಜ್ಜಿ ನಕ್ಕರು. ಅತ್ತೆ ನಗಲಿಲ್ಲ.

ಆಗಿನ ಟಾಕಿಗಳಲ್ಲಿ ನಟರು ಅಭಿನಯಿಸುತ್ತಲೇ ಹಾಡಬೇಕಿತ್ತು. ಸುತ್ತ ಆದ ಸದ್ದೆಲ್ಲ ಹಾಡಿನ ಜೊತೆಗೇ ಅಂಟಿಕೊಳ್ಳುತ್ತಿತ್ತು. ಫಿಲ್ಮು ದುಬಾರಿ, ಮತ್ತೆ ತೆಗೆಯುವ ಮಾತೇ ಇಲ್ಲ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿ. ಮುಂದಿನ ಪ್ರಶ್ನೆಯನ್ನು ಅತ್ತೆಯೇ ಕೇಳಿದಳು.

“ಯಾರ ಕೂಸದು?”

“ಆ ಹಾಡಾಕಿದೇ. ನಮ್ಮಪ್ಪಗ ಆ ಕಂಪನಿಯೋರು ಹೇಳಿದ್ರಂತ. ಮನಿಯೋರು ಕೂಸನ್ನ ಬಿಟ್ಟು ಹೋಗು ಅಂದ್ರಂತ. ಕೂಸಿಲ್ದ ನಾ ಬರಂಗಿಲ್ಲ, ಬೇಕಾದ್ರ ಬ್ಯಾರೆ ರಾಣಿನ ನೋಡ್ಕೊಳ್ರಿ ಅಂತ ಕಂಪನಿಯೋರಿಗೆ ಅಂದ್ಲಂತ ಆಕಿ. ಕಡಿಗೆ ಕರ್ಕೊಂಡು ಹೋದ್ರು. ಪರದೆ ಹಿಂದ ಯಾರದೋ ತೊಡಿ ಮ್ಯಾಲೆ ಮಲಗಿಸಿದ್ರಂತ. ಹಾಡೋ ಹೊತ್ತಿಗೆ ಅದು ಎದ್ದು ಅಳಾಕ ಹತ್ತೈತಿ. ಈಕಿ ಹಾಡು ಬಿಡಂಗಿಲ್ಲ. ಹಾಡಿನ ನಡುವಾ, ಅದಾ ರಾಗದಾಗ, ‘ಬಂದೆ ನನ್ನವ್ವ, ಬಂದೆ’ ಅಂದುಬಿಟ್ಲು. ಅಷ್ಟೊತ್ತು ಪ್ರಾಣಕಾಂತಾ, ಪ್ರಾಣಕಾಂತಾ ಅಂತಿದ್ದ ರಾಣಿ, ಒಮ್ಮಿಗೇ ನಮ್ಮ ಮಾತಾಡಿದ್ಲು ನೋಡ್ರಿ. ಟೆಂಟಿನಾಗಿದ್ದ ಹೆಣ್ಮಕ್ಕಳೆಲ್ಲ ಆಕಿ ಕೂಡ ಅನ್ನೋರು.”

ನಮ್ಮ ಕಡೆ ಹೆಣ್ಣು ಕೂಸನ್ನು ಅವ್ವ ಅನ್ನುತ್ತೇವೆ, ಗಂಡಾದರೆ ಅಪ್ಪ. ಆಕೆಗೆ ಇದ್ದದ್ದು ಒಂದೇ ಕೂಸು, ಅದು ನಮ್ಮ ಅತ್ತೆ. ಆ ಅಜ್ಜಿಗೆ ಅತ್ತೆ ಯಾರೆಂದು ನಾವು ಇನ್ನೂ ಹೇಳಿರಲೂ ಇಲ್ಲ.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, “ಅದೆಂಗ ಅಂದ್ಲು? ಒಂದ್ಸಲ ಅಂದು ತೋರಿಸ್ರಿ,” ಅಂದಳು.

“ಅದೇನು ಮರತೀನಂತ ತಿಳ್ಕೊಂಡ್ರೇನು? ನನ್ನ ಮಕ್ಕಳು, ಮೊಮ್ಮಕ್ಕಳನ್ನೆಲ್ಲ ಅದಾ ರಾಗದಾಗ ಎತ್ಕೊಂಡೀನಿ,” ಎಂದು ಅಜ್ಜಿ ಗಂಟಲು ಸರಿಮಾಡಿಕೊಂಡರು. ಧ್ವನಿ ಒಡೆದಿತ್ತು, ಹಲ್ಲಿಲ್ಲದ ಬಾಯಿ. ಮೊದಲ ‘ಬಂದೆ’ಯನ್ನು ಮೇಲೆ ಎತ್ತಿ, ‘ನನ್ನವ್ವ’ದ ಹತ್ತಿರ ನಿಧಾನವಾಗಿ ಇಳಿಸಿ, ಎರಡನೆಯ ‘ಬಂದೆ’ಯನ್ನು ಹೆಚ್ಚುಕಡಿಮೆ ಪಿಸುಮಾತಿನಲ್ಲಿ ಬಿಟ್ಟರು. ಅಷ್ಟೇ. ಒಂದು ಉಸಿರಿನಷ್ಟು ಹಾಡು.

ಅತ್ತೆ ಕಣ್ಣು ಮುಚ್ಚಿದ್ದಳು. “ಇನ್ನೊಮ್ಮಿ,” ಅಂದಳು. ಅಜ್ಜಿ ಇನ್ನೊಮ್ಮೆ ಅಂದರು. ಆಗ ಅತ್ತೆಯ ಮುಖ ಸಣ್ಣ ಹುಡುಗಿಯ ಮುಖದಂತಾಯಿತು. ನಾನು ಎದ್ದು ಹೋಗಿ ಅಂಗಳದ ನಲ್ಲಿಯಲ್ಲಿ ಮುಖ ತೊಳೆದೆ. ಒಳಗೆ ಅತ್ತೆ ತಾನು ಯಾರೆಂದು ಹೇಳಿರಬೇಕು; ನಾನು ವಾಪಸು ಬಂದಾಗ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಅಜ್ಜಿ ಅಳುತ್ತಿದ್ದರು, ಅತ್ತೆ ಅವರ ಬೆನ್ನು ಸವರುತ್ತಿದ್ದಳು.

ಹೊರಡುವಾಗ ಅಜ್ಜಿ ಹೀರೇಕಾಯಿ ಬೀಜದ ಸಮೇತ ಆ ಡಬ್ಬಿಯನ್ನೇ ಅತ್ತೆಯ ಮಡಿಲಲ್ಲಿ ಇಟ್ಟರು.

ಕಾರಿನಲ್ಲಿ ಕೂತು ಗುಂಪಿಗೆ ಬರೆದೆ: ಡಬ್ಬಿಗಳಲ್ಲಿ ರೀಲಿಲ್ಲ, ಚಿತ್ರ ಸಿಕ್ಕಿಲ್ಲ. ತಕ್ಷಣ ನಾಲ್ಕೈದು ಅಳುವ ಮುಖಗಳು ಬಂದವು. ಇನ್ನೂ ಏನಾದರೂ ಬರೆಯಬೇಕೆನ್ನಿಸಿತು, ಆದರೆ ಅದನ್ನು ಆ ಸಂಘಕ್ಕೆ ಹೇಗೆ ಹೇಳುವುದೋ ತಿಳಿಯದೆ ಫೋನ್ ಜೇಬಿಗೆ ಹಾಕಿಕೊಂಡೆ.

ಕುರುಗೋಡು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅತ್ತೆ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ತೋಳು ಹಿಡಿದು ಇಳಿದಳು. ಎದುರುಮನೆಯ ಹೆಂಗಸು ಅಂಗಳದಲ್ಲಿ ಹಾಸಿದ ಮೆಣಸಿನಕಾಯಿ ಬಾಚುತ್ತಿದ್ದವಳು ತಲೆಯೆತ್ತಿ, “ಅಮ್ಮಾ, ಇಳಕಲ್ಲ ಸೀರಿ ಉಟ್ಕೊಂಡು ಎಲ್ಲಿಗೆ ಹೋಗಿದ್ರಿ?” ಎಂದು ಕೇಳಿದಳು.

“ನಮ್ಮವ್ವನ ಪಿಚ್ಚರಿಗೆ,” ಅಂದಳು ಅತ್ತೆ.

“ಛಲೋ ಐತೇನ್ರಿ?”

ಅತ್ತೆ ಕಟ್ಟೆಯ ಮೆಟ್ಟಿಲ ಮೇಲೆ ಕಾಲಿಟ್ಟವಳು ನಿಂತು, ಹಿಂದಿರುಗಿ ನೋಡಿದಳು.

“ಅದ್ರಾಗ ನಾನೂ ಅದೀನಿ,” ಅಂದಳು.