ಖಾಲಿ ಸಾಲು ಕೇಳಿದ ಪ್ರಶ್ನೆ

ಬೆಳಗಾವಿಯಲ್ಲಿ ಈ ಕತೆ ಹೇಳುವವರೆಲ್ಲ, ಆ ರಾತ್ರಿ ಕಂಪ್ಯೂಟರ್ ಪರದೆಯ ಮೇಲೆ ಸತ್ತವನೊಬ್ಬನ ಹೆಸರು ಮೂಡಿತು ಅನ್ನುತ್ತಾರೆ. ಸುಳ್ಳು. ಅವರು ಅಲ್ಲಿರಲಿಲ್ಲ, ನಾನಿದ್ದೆ. ಪರದೆಯ ಮೇಲೆ ಏನೂ ಮೂಡಲಿಲ್ಲ... ಭಯವಿದ್ದದ್ದೇ ಅದರಲ್ಲಿ.

ಎಂಬತ್ತರ ದಶಕದ ನಡುವಿನ ಮಾತು. ಹಿಂಡಲಗಾ ದಾರಿಯಲ್ಲಿ ಒಂದು ಹತ್ತಿ ಕಾರ್ಖಾನೆ, ಆಚೆ ಅದರ ಗೋದಾಮು. ನಾನು ಪ್ರೋಗ್ರಾಮರ್, ಖಾನಾಪುರದ ಬಶೀರಣ್ಣ ಆಪರೇಟರ್. ಸಂಬಳದ ಚೀಟಿ ಅಚ್ಚಾಗುವ ರಾತ್ರಿ ನಮ್ಮಿಬ್ಬರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವುದು ಅಲ್ಲಿನ ಪದ್ಧತಿ. ಕೀಲಿ ಮ್ಯಾನೇಜರ ಮನೆಯಲ್ಲಿ. ಕರೆಂಟಿನ ಮೇನ್ ಸ್ವಿಚ್ಚೂ ಹೊರಗೆ, ವರಾಂಡದಲ್ಲಿ. ಕೋಣೆಗೆ ಕಿಟಕಿಯಿಲ್ಲ.

ನಮ್ಮ ಯಂತ್ರ ಕೆಲಸದ ನಡುವೆ ಆಪರೇಟರನ್ನು ಪ್ರಶ್ನೆ ಕೇಳುತ್ತಿತ್ತು. ಆ ಸಂದೇಶದ ಮಾತುಗಳು ಬೇರೆಯೇ ಒಂದು ಫೈಲಿನಲ್ಲಿರುತ್ತಿದ್ದವು. ಪ್ರೋಗ್ರಾಮು ನಂಬರು ಹೇಳಿದರೆ ಯಂತ್ರ ಆ ಮಾತನ್ನು ಹುಡುಕಿ ತರುತ್ತಿತ್ತು. ಮಾತೇ ಇಲ್ಲದಿದ್ದರೆ ಪರದೆಯಲ್ಲಿ ಖಾಲಿ ಸಾಲು; ಯಾರಾದರೂ ಉತ್ತರ ಕೊಡುವವರೆಗೆ ಕೆಲಸ ಸ್ಥಗಿತ. ಇದು ತಪ್ಪಲೆಂದು ಕೆಲಸ ನಡೆಸುವ ಕಮಾಂಡ್ ಪ್ರೋಗ್ರಾಮಿಗೆ ನಾನು ಕೆಲವು ಸಾಲು ಸೇರಿಸಿದ್ದೆ: ಮಾತು ಸಿಗದಿದ್ದರೆ ‘ಮುಂದುವರಿ’ ಎಂದು ತಾನೇ ಉತ್ತರ ಕೊಡಲಿ.

ಬಶೀರಣ್ಣ ನಕ್ಕಿದ್ದರು. ಎಲ್ಲದಕ್ಕೂ ವಾದಕ್ಕೆ ನಿಲ್ಲುವ ನನ್ನನ್ನು ಅವರು ವಕೀಲಾ ಎಂದೇ ಕರೆಯುತ್ತಿದ್ದರು. "ನಿನ್ನ ಪ್ರೋಗ್ರಾಮ ಹೊಸಾ ಸೊಸಿ ಇದ್ದಂಗ ಐತಲ್ಲೋ, ವಕೀಲಾ. ಕೇಳಿದ್ದು ತಿಳೀಲಿ ಬಿಡ್ಲಿ, ಹೂಂ ಅಂತೈತಿ."

ಹಾಗಂದರೆ ಏನು ಹಾನಿ, ಒಂದು ಉದಾಹರಣೆ ಕೊಡಿ ಎಂದು ಪಟ್ಟು ಹಿಡಿದೆ. ವಾದ ಗೆದ್ದೆ.

ಆ ರಾತ್ರಿ ಪ್ರಿಂಟರು ಇದ್ದಕ್ಕಿದ್ದಂತೆ ನಿಂತಿತು. ಪರದೆಯಲ್ಲಿ ಖಾಲಿ ಸಾಲು. ಯಂತ್ರದ ದಾಖಲೆಯ ಪ್ರಕಾರ ಕಳುಹಿಸಿದ್ದು ಗೋದಾಮಿನ ಟರ್ಮಿನಲ್ಲು, ಅಂದರೆ ಅಲ್ಲಿನ ಪರದೆ-ಕೀಲಿಮಣೆ. ಆ ಟರ್ಮಿನಲ್ಲು ಕೆಟ್ಟು ವಾರದಿಂದ ನಮ್ಮ ಕೋಣೆಯ ಮೂಲೆಯಲ್ಲೇ ವೈರು ಸುತ್ತಿಕೊಂಡು ಬಿದ್ದಿತ್ತು! ನಾವು ಮುಖ ನೋಡಿಕೊಳ್ಳುವಷ್ಟರಲ್ಲಿ ನನ್ನ ಸಾಲುಗಳು ಉತ್ತರಿಸಿದವು: ಮುಂದುವರಿ.

ದೂರದಲ್ಲಿ, ಗೋದಾಮಿನ ಕಡೆ, ಶಟರು ಎತ್ತಿದ ಸದ್ದು...

ಮತ್ತೆ ಖಾಲಿ ಸಾಲು. ಮುಂದುವರಿ. ಈಗ ವರಾಂಡದಲ್ಲಿ ಒದ್ದೆ ಚೀಲ ಎಳೆದಂತೆ ಸದ್ದು. ಎಸಿಯ ತಣ್ಣನೆ ಗಾಳಿಯಲ್ಲಿ ಮುಗ್ಗಿದ ಹತ್ತಿಯ ವಾಸನೆ.

ಇಲಿ, ಅಂದೆ.

ಮೂರನೆಯ ಸಲ ಯಂತ್ರ ‘ಮುಂದುವರಿ’ ಎಂದ ಮೇಲೆ ಬೀಗ ಅಲುಗಿತು. ಅದು ಒಳಗೆ ಬಂದರೆ ನಮಗೆ ಓಡಲು ಇನ್ನೊಂದು ಬಾಗಿಲಿಲ್ಲ. ನಾನು ಕನ್ಸೋಲಿಗೆ ಹಾರಿ ಕೆಲಸವನ್ನೇ ರದ್ದು ಮಾಡಿದೆ. ಪ್ರಿಂಟರು ಸತ್ತಿತು. ಬೀಗ ಅಲುಗುತ್ತಲೇ ಇತ್ತು.

ಬಶೀರಣ್ಣ ನನ್ನನ್ನು ಪಕ್ಕಕ್ಕೆ ಸರಿಸಿ, ನನ್ನ ಸಾಲುಗಳಿಲ್ಲದ ಹಳೆಯ ಪ್ರೋಗ್ರಾಮನ್ನು ಮತ್ತೆ ಶುರು ಮಾಡತೊಡಗಿದರು. ಯಾಕೆ ಎಂದು ಪಿಸುಗುಟ್ಟಿದೆ.

"ಬಾ ಅಂತ ಹೇಳಿ ಆಗೇತಿ. ಬ್ಯಾಡ ಅನ್ನಬೇಕಂದ್ರ ಅದು ಇನ್ನೊಮ್ಮಿ ಕೇಳಬೇಕಲ್ಲ."

ಖಾಲಿ ಸಾಲು ಬಂತು. ಈ ಸಲ ಉತ್ತರಕ್ಕೆ ಕಾಯುತ್ತ ನಿಂತಿತು. ಬಾಗಿಲೂ ನಿಶ್ಶಬ್ದ... ರದ್ದು ಅಂತ ಒತ್ತಿರಿ ಅಂದೆ. ಅವರು ಒತ್ತಲಿಲ್ಲ. ಪರದೆಗೆ ಬಾಗಿದರು, ಅವರ ಕಣ್ಣು ಎಡದಿಂದ ಬಲಕ್ಕೆ ನಿಧಾನ ಸರಿಯಿತು, ತುಟಿ ಅಲುಗಿತು. ಓದುವವರ ಹಾಗೆ. ನನಗೆ ಅಲ್ಲಿ ಒಂದಕ್ಷರವೂ ಕಾಣಲಿಲ್ಲ.

ಆಮೇಲೆ ಏನೋ ಟೈಪು ಮಾಡಿದರು. ಒಂದಕ್ಷರದ ಉತ್ತರವಲ್ಲ, ಉದ್ದದ್ದು. ಅವರ ಭುಜ ಅಡ್ಡವಾಗಿತ್ತು.

ಎಳೆಯುವ ಸದ್ದು ವರಾಂಡದುದ್ದಕ್ಕೂ ಹಿಂದೆ ಸರಿದು ಹೋಯಿತು. ಬೆಳಿಗ್ಗೆ ಮ್ಯಾನೇಜರು ಬೀಗ ತೆಗೆದಾಗ ಬಶೀರಣ್ಣ ಸೀದಾ ಖಾನಾಪುರದ ಬಸ್ಸು ಹತ್ತಿದರು. ಮತ್ತೆ ಕೆಲಸಕ್ಕೆ ಬರಲಿಲ್ಲ.

ಇಲಿ, ಸಡಿಲ ವೈರು, ನಿದ್ದೆಗೆಟ್ಟ ತಲೆ... ಎಲ್ಲವನ್ನೂ ನಾನು ವಾದಿಸಬಲ್ಲೆ. ಆ ಕಣ್ಣು ಸರಿದದ್ದನ್ನು ಮಾತ್ರ ವಾದಿಸಿ ತಳ್ಳಿಹಾಕಲಾರೆ.

ಹೋದ ವಾರ ಖಾನಾಪುರಕ್ಕೆ ಹೋಗಿದ್ದೆ. ಅವರ ಮನೆಯ ಮುಂಬಾಗಿಲಿಗೆ ಚೌಕಟ್ಟಿದೆ, ಕದವಿಲ್ಲ; ಕೆಲಸ ಬಿಟ್ಟು ಬಂದ ದಿನವೇ ಅವರೇ ತೆಗೆಸಿದರಂತೆ. "ಕುಂದರ್ರಿ" ಅಂದರು, ಚಹಾ ಕೊಟ್ಟರು. ಮೊದಲಿನಂತೆ ವಕೀಲಾ ಅನ್ನಲಿಲ್ಲ. ಕಣ್ಣು ಹೊರಗಿನ ಕತ್ತಲಲ್ಲೇ ಇತ್ತು. ಕೊನೆಗೆ ಕೇಳಿಯೇಬಿಟ್ಟೆ:

"ಬಶೀರಣ್ಣ, ಅವತ್ತ ನನ್ನನ್ನ ಬಿಡಸಾಕ, ನೀವ ಅದಕ್ಕ ಏನ ಕೊಡತೀನಂದ್ರಿ?"