ಮಗಳ ರಕ್ತದ ಗುರುತು

ನನ್ನ ಗಂಡ ನನಗೆ ಸೋದರಮಾವ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಬಾಯಲ್ಲಿ ‘ಮಾಮಾ’ ಎಂದೇ ಬರುತ್ತದೆ. ಅತ್ತೆಯೆಂದರೆ ನನ್ನ ಅವ್ವನ ಅವ್ವ. ಅವಳನ್ನು ಚಿಕ್ಕಂದಿನಿಂದ ಕರೆದಂತೆ ಈಗಲೂ ಆಯಿ ಎನ್ನುತ್ತೇನೆ. ಬೇಡಕಿಹಾಳದ ನಮ್ಮ ಜೈನ ಒಕ್ಕಲುಮನೆಗಳಲ್ಲಿ ಇದೇನು ವಿಶೇಷವಲ್ಲ. ಹುಡುಗಿ ಮನೆಯಲ್ಲೇ ಉಳಿದಳು, ಹೊಲವೂ ಮನೆಯಲ್ಲೇ ಉಳಿಯಿತು ಎಂದು ಎಲ್ಲರಿಗೂ ಸಮಾಧಾನ. ಮಿರಜಿನ ಡಾಕ್ಟರಮ್ಮ ಮೊದಲ ಸಲ, ಸಂಬಂಧದೊಳಗೇ ಲಗ್ನವೇ ಎಂದು ಮರಾಠಿಯಲ್ಲಿ ಕೇಳಿದಾಗ ಮಾಮಾ ಎದೆಯುಬ್ಬಿಸಿ, “ಹೌದ್ರಿ, ಸ್ವಂತ ಅಕ್ಕನ ಮಗಳ್ರಿ” ಎಂದರು, ಪರೀಕ್ಷೆಯಲ್ಲಿ ಪಾಸಾದವರ ಹಾಗೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಮಗಳಿಗೆ ಆಗ ವರ್ಷವೂ ತುಂಬಿರಲಿಲ್ಲ. ಮೈ ಬಿಳಿಚಿಕೊಂಡು, ಹಾಲು ಕುಡಿಯಲೂ ದಣಿಯುತ್ತಿದ್ದಳು. ಥಲಸ್ಸೀಮಿಯಾ ಎಂದರು. ನನ್ನಲ್ಲೂ ಮಾಮಾರಲ್ಲೂ ಒಂದೇ ದೋಷ ಸದ್ದಿಲ್ಲದೆ ಕೂತಿತ್ತು. ಇಬ್ಬರದೂ ಸೇರಿ ಅವಳ ಮೈಗೆ ಬಂದಿತ್ತು. ಈಗ ಅವಳು ಎರಡನೇ ಇಯತ್ತೆ ಓದುತ್ತಾಳೆ. ಕೆಲವು ವಾರಕ್ಕೊಮ್ಮೆ ಮಿರಜಿಗೆ ಕರೆದೊಯ್ದು ರಕ್ತ ಹಾಕಿಸಬೇಕು. ಹಾಕಿಸಿದ ಮರುದಿನ ಅಂಗಳದ ತುಂಬ ಕುಂಟಾಬಿಲ್ಲೆ ಆಡುತ್ತಾಳೆ. ಮುಂದಿನ ಸರದಿ ಹತ್ತಿರ ಬಂದಂತೆ ಕಟ್ಟೆ ಬಿಟ್ಟು ಏಳುವುದಿಲ್ಲ.

ಇನ್ನೊಂದು ಮಗು ಬೇಕು ಎಂಬ ಆಸೆ ನನಗಿತ್ತು. ಆಸೆಗಿಂತ ಹೆದರಿಕೆ ದೊಡ್ಡದಿತ್ತು. ಆಗ ಡಾಕ್ಟರಮ್ಮನೇ ದಾರಿ ಹೇಳಿದರು: ಭ್ರೂಣವನ್ನು ಹೊರಗೇ ಬೆಳೆಸುವುದು, ಅದರಿಂದ ನಾಲ್ಕಾರು ಜೀವಕೋಶ ತೆಗೆದು ಪರೀಕ್ಷೆಗೆ ಕಳಿಸುವುದು, ರೋಗವಿಲ್ಲದ್ದನ್ನು ಮಾತ್ರ ಹೊಟ್ಟೆಯಲ್ಲಿ ಇಡುವುದು. ಆದರೆ ಲ್ಯಾಬಿನವರಿಗೆ ಏನನ್ನು ಹುಡುಕಬೇಕು ಎಂಬ ಗುರುತು ಬೇಕು. ಅದಕ್ಕೆ ನಮ್ಮಿಬ್ಬರ ರಕ್ತದ ಜೊತೆ ಮಗಳ ರಕ್ತವೂ ಬೇಕಾಯಿತು.

ಅವಳು ರೂಢಿಯಂತೆ ತಾನೇ ಕೈ ಚಾಚಿ, ಯಾವ ನರ ಚೆನ್ನಾಗಿದೆಯೆಂದು ನರ್ಸಿಗೆ ತೋರಿಸಿದಳು. ಆಮೇಲೆ ಸಂಶಯ ಬಂತು.

“ಪ್ರತಿ ಸಲ ರಕ್ತ ಹಾಕ್ತಾರಲ್ಲ ಮಮ್ಮಿ, ಇವತ್ತ್ಯಾಕ ತಗೋತಾರ?”

“ನಿನಗ ತಮ್ಮನೋ ತಂಗಿನೋ ಬರೂದೈತಿ. ಅದಕ್ಕ.”

“ಹಂಗಾರ ತಗೋಲಿ,” ಎಂದು ಮುಖ ಆಚೆ ತಿರುಗಿಸಿದಳು. ಅವಳಂಥದ್ದು ಬಾರದಿರಲೆಂದೇ ಅವಳ ರಕ್ತ ತೆಗೆಯುತ್ತಿದ್ದಾರೆ ಎಂದು ಹೇಗೆ ಹೇಳಲಿ?

ನಂತರ ನನ್ನ ಹೊಟ್ಟೆಗೆ ಸೂಜಿಗಳು, ಅಂಡ ತೆಗೆಯುವ ದಿನ, ಅದೆಲ್ಲ ಮುಗಿದು ಮನೆಗೆ ಬಂದೆ. ಪರೀಕ್ಷೆಗೆ ಕಳಿಸುವಷ್ಟು ಬೆಳೆದದ್ದು ನಾಲ್ಕೇ ಭ್ರೂಣ. ಫಲಿತಾಂಶ ಬರುವವರೆಗೆ ಕಾಯಬೇಕಿತ್ತು.

ಆಯಿ ಇವತ್ತಿಗೂ ಬಾವಿಯ ನೀರನ್ನು ಅರಿವೆಯಲ್ಲಿ ಸೋಸಿಯೇ ಕುಡಿಯುವವಳು. ಸೋಸಿದ ಮೇಲೆ ಅರಿವೆ ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಹಾಕಿ, ಅದರಲ್ಲಿ ಸಿಕ್ಕ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡುತ್ತಾಳೆ. ಆ ದಿನ ಬಾವಿಯಿಂದ ಬಂದವಳು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು.

“ಅಲ್ಲಿ ಆರಿಸಿ ಉಳದದ್ದನ್ನ ಎಲ್ಲಿ ಬಿಡ್ತಾರವ್ವಾ?”

“ಅದೇನ ಕಣ್ಣಿಗೆ ಕಾಣೂದಿಲ್ಲ ಆಯಿ.”

“ನಾ ಸೋಸೂದೂ ಕಣ್ಣಿಗೆ ಕಾಣೂದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ಸೂಜಿ ಚುಚ್ಚಿಸ್ಕೊಳ್ಳೂದು ನಿನ್ನ ಕೈ ಅಲ್ಲ, ಆ ಕೂಸಿನ ಕೈ. ಇನ್ನೊಂದು ಹಂಗ ಹುಟ್ಟಲೇನು?” ಎಂದುಬಿಟ್ಟೆ. ಆಯಿ ಎದ್ದು ಹೋದಳು. ಜಗಳಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳ ಮಾತು ಮಾತ್ರ ನನ್ನೊಳಗೆ ಕೂತುಬಿಟ್ಟಿತು.

ಕಾಯುವ ದಿನಗಳಲ್ಲಿ ನಾನು ಮೊಬೈಲನ್ನು ಹಿಟ್ಟು ನಾದುವ ಪರಾತದ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ರಿಂಗಾದರೆ ಹಿಟ್ಟಿನ ಕೈಯಲ್ಲೇ ಎತ್ತುತ್ತಿದ್ದೆ. ನೋಡಿದರೆ ಕಬ್ಬು ಕಡಿಯುವವರದೋ, ನಿಪ್ಪಾಣಿಯ ತಂಗಿಯದೋ ಇರುತ್ತಿತ್ತು. ತಂಗಿಗೆ ಒಂದೇ ಚಿಂತೆ, ಗಂಡೋ ಹೆಣ್ಣೋ ಎಂದು. ಅದನ್ನು ಹೇಳಿದರೆ ಡಾಕ್ಟರು ಜೈಲಿಗೆ ಹೋಗುತ್ತಾರೆ ಎಂದು ಬೈದು ಇಡುತ್ತಿದ್ದೆ. ಒಂದೂ ಸರಿಯಿಲ್ಲ ಎಂದರೆ ಏನು ಗತಿ? ಮತ್ತೊಮ್ಮೆ ಇದನ್ನೆಲ್ಲ ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಮಾಮಾ ಧೈರ್ಯ ಹೇಳುತ್ತಿದ್ದರು, ಆದರೆ ಅವರೂ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಫೋನು ಬಂದದ್ದು ಹೊತ್ತು ಮುಳುಗುವ ಮೊದಲು. ಕತ್ತಲಾದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ, ಹಾಗಾಗಿ ಎಲ್ಲರೂ ತಾಟಿನ ಮುಂದೆ ಕೂತಿದ್ದೆವು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಒಂದು ಭ್ರೂಣ ಚೆನ್ನಾಗಿದೆ. ಇನ್ನೊಂದರ ಫಲಿತಾಂಶ ಸ್ಪಷ್ಟವಾಗಿ ಬಂದಿಲ್ಲ. ಉಳಿದೆರಡು “ತುಮಚ್ಯಾ ಮುಲೀಸಾರಖೇ” ಎಂದರು. ನಿಮ್ಮ ಮಗಳಂಥವು. ಅವೆರಡನ್ನು ಏನು ಮಾಡಬೇಕೆಂದು ಮುಂದಿನ ಸಲ ಬಂದಾಗ ತಿಳಿಸಿ ಎಂದರು. ನಾನು ಹೂಂಗುಟ್ಟಿ ಫೋನು ಇಟ್ಟು, “ನಾಲ್ಕರಾಗ ಒಂದು ಚಲೋ ಐತಂತ” ಎಂದೆ.

ಮಾಮಾ ರೊಟ್ಟಿ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡರು. ನನಗೆ ನಿಜಕ್ಕೂ ಸಂತೋಷವಾಯಿತು, ಎಷ್ಟೋ ದಿನದ ಮೇಲೆ ಉಸಿರು ಬಿಟ್ಟಂತೆ. ಆಯಿ ಈ ಸಲ ಉಳಿದವುಗಳ ಮಾತೆತ್ತಲಿಲ್ಲ. “ಉಂಡ್ ಬಿಡ್ರಿ, ಹೊತ್ತು ಮುಳಗತೈತಿ” ಎಂದಷ್ಟೇ ಹೇಳಿದಳು.

ಮಗಳು ಖುಷಿಯಿಂದ ನನ್ನ ಮೊಣಕಾಲಿಗೆ ಒರಗಿ ಕೇಳಿದಳು, “ನನ್ನೂ ಹಿಂಗ ಆರಿಸಿ ತಂದ್ರೇನ ಮಮ್ಮಿ?”

“ಇಲ್ಲವ್ವಾ. ನಿನ್ನ ಯಾರೂ ಆರಸಲಿಲ್ಲ. ನೀನಾಗೇ ಬಂದಿ.”

ಅವಳಿಗೆ ತುಸು ಬೇಸರವಾಯಿತು. ಸಪ್ಪೆ ಮುಖ ಮಾಡಿಕೊಂಡು ಮತ್ತೆ ರೊಟ್ಟಿ ಮುರಿಯತೊಡಗಿದಳು. ನಾನು ತುತ್ತು ಎತ್ತಲಾಗದೆ ಅವಳನ್ನೇ ನೋಡುತ್ತ ಕೂತೆ. ಅವಳು ಹುಟ್ಟುವ ಮೊದಲು ಏನು ಮಾಡಬೇಕೆಂದು ಯಾರೂ ನನಗೆ ಫೋನು ಮಾಡಿ ಕೇಳಿರಲಿಲ್ಲ. ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದದ್ದು ಇವಳನ್ನೇ.