ಗಿಡ್ಡಪ್ಪನ ಪಾಲಿನ ರೊಟ್ಟಿ

ರೊಟ್ಟಿ ಬಡಿಯುವವಳಿಗೆ ಕೈ ಎಷ್ಟು ಮುಖ್ಯವೋ ಮೊಣಕಾಲೂ ಅಷ್ಟೇ ಮುಖ್ಯ. ಯಲಬುರ್ಗಾದ ಬಸ್‌ಸ್ಟ್ಯಾಂಡಿನ ಹಿಂದಿರುವ ಖಾನಾವಳಿಯಲ್ಲಿ ಒಲೆಗಳ ಒಂದು ಸಾಲಿದೆ. ಗೋಡೆ ಕಡೆಯ ಒಲೆ ದುರಗಮ್ಮನದು. ಹಂಚಿನ ಮುಂದೆ ಕಾಲು ಮಡಚಿ ಕುಳಿತರೆ ಮಧ್ಯಾಹ್ನದವರೆಗೆ ಏಳುವ ಮಾತಿಲ್ಲ. ಈಗೀಗ ಅವಳಿಗೆ ಕೂರಲು ಒಬ್ಬರ ಹೆಗಲು ಬೇಕು, ಏಳಲು ಇಬ್ಬರದು ಬೇಕು.

“ಅಕ್ಕನ್ನ ಎತ್ತಾಕ ಹಮಾಲರನ್ನ ಕರೀಬೇಕವ್ವ ಇನ್ನ,” ಎಂದು ಪಕ್ಕದ ಒಲೆಯ ಮಲ್ಲೇಶ್ವರಿ ಚೇಷ್ಟೆ ಮಾಡುವಳು. ದುರಗಮ್ಮನೂ ನಗುವಳು. ಅವಳನ್ನು ಅಕ್ಕಾ ಎಂದು ಕರೆಯುವವರು, ಕೆಣಕುವವರು ಇರುವುದು ಆ ಒಲೆಗಳ ಸಾಲಿನಲ್ಲಿ ಮಾತ್ರ. ಮನೆಯಲ್ಲಿ ಯಾರಿದ್ದಾರೆ?

ಖಾನಾವಳಿಯ ಯಜಮಾನ ವಿರುಪಣ್ಣ ಮಾತ್ರ ನಗಲಿಲ್ಲ. “ನೋಡಬೇ, ನಿನ್ನ ರೊಟ್ಟಿಗಿ ಹೆಸರಿಡಂಗಿಲ್ಲ. ಆದ್ರ ಕುಂದರಾಕ ಆಗಲಿಲ್ಲಂದ್ರ ನಾ ಏನ್ ಮಾಡ್ಲಿ? ದೀಪಾವಳಿ ಮಟ ನೋಡ್ತೀನಿ. ಆಮ್ಯಾಲ ಬ್ಯಾರೆಯವ್ರನ್ನ ಕರೀಬೇಕಾಕ್ಕೈತಿ.”

ಅವಳು ಬಸ್ಸು ಹತ್ತಿ ಕೊಪ್ಪಳದ ಡಾಕ್ಟರ ಹತ್ತಿರ ಹೋದಳು. ಅವರು ತೂಕದ ಮುಳ್ಳು ನೋಡಿ ಕನ್ನಡಕ ತೆಗೆದರು. “ಹ್ವಾದ ಸಲ ಛಲೋ ಇಳಿಸಿದ್ರಿ. ಮತ್ತ ಯಾಕ ಏರೀತು? ಎಷ್ಟು ರೊಟ್ಟಿ ತಿಂತೀರಿ ರಾತ್ರಿ?”

“ಒಂದ ರೀ. ಹುಲಗೆಮ್ಮನಾಣಿ, ಒಂದ.”

ಸುಳ್ಳಲ್ಲ ಅದು. ಹೋದ ಸಲ ಇಳಿದದ್ದೂ ಒಂದು ರೊಟ್ಟಿಯಿಂದಲೇ. ಆಗ ಗಂಡ ಗಿಡ್ಡಪ್ಪ ಇದ್ದ. ನಸುಕಿನಲ್ಲಿ ತಲೆಗೆ ಟವೆಲು ಸುತ್ತಿ, “ಏಳ, ಕುಕನೂರು ರೋಡಿಗಿ ಹೋಗಿಬರೂಣು,” ಎಂದು ಎಬ್ಬಿಸುತ್ತಿದ್ದ. ಊಟಕ್ಕೆ ಕುಳಿತಾಗ ಅವಳ ತಾಟಿನ ಎರಡನೇ ರೊಟ್ಟಿಗೆ ಕೈ ಹಾಕಿ, “ಇದು ನನ್ನ ಪಾಲಿಂದು,” ಎಂದು ಎಳೆದುಕೊಳ್ಳುತ್ತಿದ್ದ. ಗಂಡ ಹೆಂಡತಿಯ ತಾಟಿನಲ್ಲಿ ಕೈ ಹಾಕುವುದೇನು ಎಂದು ಅವಳು ಬೈಯುತ್ತಿದ್ದಳು. ಹಾಗೇ ಬೈಯುತ್ತ ಬೈಯುತ್ತ ಹಗುರಾದಳು. ಅವನು ಹೋದ ಮೇಲೆ ನಸುಕಿನ ನಡಿಗೆ ನಿಂತಿತು. ಒಂದೇ ರೊಟ್ಟಿಯ ನೇಮವನ್ನು ಮಾತ್ರ ಬಿಟ್ಟಿರಲಿಲ್ಲ.

ಒಂದು ಸಂಜೆ ಮಲ್ಲೇಶ್ವರಿ ಮೆಂತ್ಯೆ ಪಲ್ಲೆ ಕೊಡಲು ಬಂದಳು. ಒಳಗೆ ಎರಡು ತಾಟು ಬಡಿಸಿತ್ತು.

“ಯಾರ್ ಬಂದಾರಕ್ಕ?”

“ಯಾರೂ ಬಂದಿಲ್ಲ. ನಮ್ಮ ಮನಿಯವರದು.”

ಗೋಡೆಯ ಮೇಲೆ ಗಿಡ್ಡಪ್ಪನ ಫೋಟೊ, ಅದರ ಕೆಳಗೆ ತಾಟು. ದಪ್ಪನೆಯ ಎರಡು ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆ ತೇಲುವ ಬದನೆಕಾಯಿ, ಮೊಸರು. ಸತ್ತವರಿಗೆ ಅಮಾವಾಸ್ಯೆಗೊಮ್ಮೆ ಎಡೆ ಇಡುವುದು ಎಲ್ಲರ ಮನೆಯಲ್ಲಿಯೂ ಉಂಟು. ದುರಗಮ್ಮ ದಿನಾ ಇಡುತ್ತಿದ್ದಳು.

ಮಲ್ಲೇಶ್ವರಿ ತಾಟಿನತ್ತ ಬಗ್ಗಿ ನೋಡಿ ಕೇಳಿದಳು: “ಮತ್ತ ಇದನ್ನ ಯಾರು ಉಣ್ತಾರ?”

“ಎಡಿ ಚೆಲ್ಲಾಕ ಬರತೈತೇನ? ಪ್ರಸಾದ ಅದು. ನನ್ನ ಊಟ ಆದಮ್ಯಾಲ ನಾನ ತಗೋತೀನಿ.”

ಮಲ್ಲೇಶ್ವರಿಗೆ ಮೊದಲು ನಗು ಬಂತು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. “ಯಕ್ಕಾ, ಗಿಡ್ಡಪ್ಪಣ್ಣನ ಪಾಲೆಲ್ಲಾ ನಿನ್ನ ಮೊಣಕಾಲ ಮ್ಯಾಲ ಕುಂತೈತೆಲ್ಲ!”

ಅವಳು ಹೋದ ಮೇಲೆ ದುರಗಮ್ಮ ತಾಟನ್ನೇ ನೋಡುತ್ತ ಕುಳಿತಳು. ಡಾಕ್ಟರ ಮುಂದೆ ಆಣೆ ಮಾಡಿದ್ದು ನೆನಪಾಗಿ ಮುಖ ಬಿಸಿಯಾಯಿತು. ಪ್ರಸಾದವನ್ನು ಊಟದ ಲೆಕ್ಕಕ್ಕೆ ಹಿಡಿಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮರುದಿನ ಎಡೆಯನ್ನು ಓಣಿಯ ನಾಯಿಗೆ ಹಾಕಿದಳು. ಅದು ಗಬಗಬ ತಿನ್ನುವುದನ್ನು ನೋಡಲಾಗದೆ ಬಾಗಿಲು ಹಾಕಿಕೊಂಡಳು. ಅದರ ಮರುದಿನ ಎಡೆಯನ್ನೇ ಇಡಲಿಲ್ಲ. ಒಂದೇ ತಾಟು. ತುತ್ತು ಮುರಿದ ಸಪ್ಪಳ ಮನೆಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು. ಆ ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟಳು. ಎರಡು ತಾಟು ಇಟ್ಟರೆ ಖಾನಾವಳಿಯ ಒಲೆ ಹೋಗುತ್ತದೆ. ಒಂದೇ ಇಟ್ಟರೆ ಅವನು ಇನ್ನೊಮ್ಮೆ ಹೋದಂತಾಗುತ್ತದೆ.

ಮೂರನೆಯ ಸಂಜೆ ಒಂದೇ ರೊಟ್ಟಿ ಬಡಿದಳು. ಬಿಸಿ ಇರುವಾಗಲೇ ಅದರ ಕಾಲುಭಾಗ ಮುರಿದು, ಉಗುರಿನಷ್ಟು ಚಟ್ನಿ ಹಚ್ಚಿ, ಫೋಟೊದ ಮುಂದಿಟ್ಟಳು. ಎಡೆ ಕಡಿಮೆ ಬಡಿಸಬಾರದು ಎನ್ನುತ್ತಾರೆ. ಅದಕ್ಕೇ ಒಂದು ಮಾತು ಹೇಳಿಬಿಟ್ಟಳು.

“ಸಿಟ್ಟಾಗಬ್ಯಾಡ. ಇದ್ದಾಗ ನನ್ನ ತಾಟಿಂದು ನೀ ಕಸಗೊಂಡು ಉಂಡಿ. ಈಗ ಅದರಾಗ ಇದ್ದಷ್ಟು ಹಂಚಿಕೊಂಡು ಉಣ್ಣೂಣು.”

ನಸುಕಿನಲ್ಲಿ ಅವನ ಟವೆಲು ತಲೆಗೆ ಸುತ್ತಿ ಕುಕನೂರು ರಸ್ತೆ ಹಿಡಿದಳು. ಅಭ್ಯಾಸಬಲದಿಂದ ರಸ್ತೆಯ ಅಂಚಿಗೇ ನಡೆದಳು, ಗಾಡಿಗಳು ಓಡಾಡುವ ಒಳಬದಿ ಅವನದಾಗಿತ್ತು. ಮಾತಾಡುವವರಿಲ್ಲದೆ ದಾರಿ ಬಹಳ ಉದ್ದವಾಯಿತು. ಆದರೂ ಮರುದಿನ ಹೋದಳು, ಅದರ ಮರುದಿನವೂ ಹೋದಳು.

ದೀಪಾವಳಿಯ ಮುಂಚಿನ ಸಂತೆಯ ದಿನ ಖಾನಾವಳಿಯಲ್ಲಿ ಮಲ್ಲೇಶ್ವರಿ ಎಂದಿನಂತೆ ಹೆಗಲು ಕೊಟ್ಟಳು. ದುರಗಮ್ಮ ಗೋಡೆ ಹಿಡಿದು, ಹಲ್ಲು ಕಚ್ಚಿ, ತಾನೇ ಕುಳಿತಳು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ನೋಡುತ್ತಿದ್ದ ವಿರುಪಣ್ಣ ಎದ್ದು ಬಂದು ಹಿಟ್ಟಿನ ಪರಾತವನ್ನು ಅವಳ ಮುಂದೆ ಸರಿಸಿದ.

“ಆತು ಬಿಡವ್ವ, ಇನ್ನ ನನ್ನ ಹೆಗಲ ಯಾರಿಗಿ ಬೇಕು!” ಎಂದಳು ಮಲ್ಲೇಶ್ವರಿ.

“ಏಳಾಕ ಬೇಕಲ್ಲೇ, ಎಲ್ಲಿ ಹೊಂಟಿ?” ಎಂದಳು ದುರಗಮ್ಮ. ಸಾಲೆಲ್ಲ ನಕ್ಕಿತು.

ಅಂದು ಸಂಜೆ ಮನೆಗೆ ಬಂದು ಬೀಗ ತೆಗೆದಳು. ಈ ಸುದ್ದಿ ಹೇಳಬೇಕಾದವನು ಗೋಡೆಯ ಮೇಲಿದ್ದ. ರೊಟ್ಟಿಯ ಕಾಲುಭಾಗ ಮುರಿದಿಟ್ಟು, ಎಲ್ಲವನ್ನೂ ಹೇಳಿ, ಸ್ವಲ್ಪ ಹೊತ್ತು ಕಾದಳು. ಆಮೇಲೆ ಆ ಚೂರನ್ನು ತಾನೇ ಎತ್ತಿಕೊಂಡು ಉಂಡಳು.